ಹಿಡನ್ ಆಬ್ಜೆಕ್ಟ್ ಆಟ ಇಷ್ಟಪಡುವವರಿಗೆ ಹಳೆಯ ಅಡ್ವೆಂಚರ್ ಗೇಮ್ ಹಿಡಿಸುತ್ತದೆಯೇ?

ಹಿಡಿಸಬಹುದು. ಮೊದಲನೆಯದು ಚಿತ್ರದಲ್ಲಿ ಅಡಗಿಸಿಟ್ಟ ವಸ್ತುಗಳನ್ನು ಹುಡುಕುವ ಆಟ, ಎರಡನೆಯದು ಕಥೆಯೊಳಗೆ ಓಡಾಡುತ್ತ ಒಗಟು ಬಿಡಿಸುತ್ತ ಸಾಗುವ ಆಟ. ಆದರೆ 'ಎರಡೂ ಒಂದೇ, ಹಳೆಯದರಲ್ಲಿ ಕಷ್ಟ ಸ್ವಲ್ಪ ಜಾಸ್ತಿ, ಅಷ್ಟೇ ಅಲ್ವಾ?' ಅಂತ ಕೇಳಿದ್ದೀರಿ. ಹಾಗಂದುಕೊಂಡು ಕೂತರೆ ಅರ್ಧ ಗಂಟೆಯಲ್ಲಿ ಎದ್ದುಬಿಡುತ್ತೀರಿ.

ನಾನು ಎರಡನ್ನೂ ಆಡುತ್ತೇನೆ. ಮುಂದೆ ದಾರಿ ಕಾಣದೆ ನಿಂತಾಗ ಆಟ ನಿಮ್ಮನ್ನು ಹೇಗೆ ನೋಡಿಕೊಳ್ಳುತ್ತದೆ ಅನ್ನುವುದರಲ್ಲಿದೆ ವ್ಯತ್ಯಾಸ. ಹಿಡನ್ ಆಬ್ಜೆಕ್ಟ್‌ನಲ್ಲಿ ಹಿಂಟ್ ಒತ್ತಿದರೆ ಕೀಲಿಕೈ ಮಿನುಗುತ್ತದೆ. ಒಗಟು ಬೇಜಾರಾದರೆ ಸ್ಕಿಪ್.

ಅಡ್ವೆಂಚರ್ ಗೇಮ್‌ನಲ್ಲಿ ತಲೆ ಕೆರೆದುಕೊಳ್ಳುವುದೇ ಆಟ. 1970ರ ದಶಕದ ಕೊಲೊಸಲ್ ಕೇವ್‌ನಲ್ಲಿ ಚಿತ್ರವೇ ಇರಲಿಲ್ಲ. ಬರೀ ಅಕ್ಷರ. ಗುಹೆಯ ನಕ್ಷೆಯನ್ನು ಆಡುವವರೇ ಕಾಗದದ ಮೇಲೆ ಬರೆದುಕೊಳ್ಳಬೇಕಿತ್ತು. ಕೆಲವು ಆಟಗಳು ಕ್ರೂರವಾಗಿಯೂ ಇದ್ದವು. 1990ರ ಕಿಂಗ್ಸ್ ಕ್ವೆಸ್ಟ್ 5ರಲ್ಲಿ ಪೈ ಎಂಬ ಒಂದು ತಿನಿಸು ಸಿಗುತ್ತದೆ. ಹಸಿವಾಯಿತೆಂದು ಅದನ್ನು ತಿಂದಿರೋ, ಮುಂದೆ ಎದುರಾಗುವ ಯೇತಿಯ (ಹಿಮಮಾನವನ) ಮುಖಕ್ಕೆ ಎಸೆಯಲು ಏನೂ ಇರುವುದಿಲ್ಲ. ತಿಂದಾಗ ತಪ್ಪಾಯಿತು ಅಂತ ಆಟ ಹೇಳುವುದೂ ಇಲ್ಲ. ಇದನ್ನು ಕಷ್ಟ ಅನ್ನಲ್ಲ, ಮೋಸ ಅನ್ನುತ್ತೇನೆ.

ಹಾಗಾಗಿ ನೀವು ಅದೇ ವರ್ಷ ಬಂದ, ಕಡಲ್ಗಳ್ಳರ ಕಥೆಯ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್‌ನಿಂದ ಶುರು ಮಾಡಿ. ಅದರಲ್ಲಿ ಸಾಯಬೇಕೆಂದರೂ ನೀರಿನಡಿ ಹತ್ತು ನಿಮಿಷ ಸುಮ್ನೆ ನಿಂತಿರಬೇಕು! ಅಲ್ಲಿನ ಕತ್ತಿವರಸೆಯಲ್ಲಿ ಗೆಲ್ಲುವುದು ಕೈಯಲ್ಲ, ಬಾಯಿ. ಎದುರಾಳಿ ಬೈದಾಗ ತಕ್ಕ ಎದುರುತ್ತರ ಕೊಡಬೇಕು. ಕಡಲ್ಗಳ್ಳರ ಹತ್ತಿರ ಬೈಸಿಕೊಂಡು, ಸೋತು, ಒಂದೊಂದೇ ಕಲಿಯುತ್ತೀರಿ. ಆಮೇಲೆ ಕತ್ತಿವರಸೆಯ ಗುರು ಸಿಗುತ್ತಾಳೆ. ಅವಳ ಬೈಗುಳಗಳೆಲ್ಲ ಹೊಸವು. ನಾನಿಲ್ಲಿ ಎರಡು ದಿನ ಒದ್ದಾಡಿದೆ. ಹೊಳೆದಾಗ ಒಬ್ಬನೇ ಕೂತು ನಕ್ಕೆ. ಉತ್ತರ ಹೇಳಲ್ಲ, ಹೇಳಿದರೆ ನಿಮ್ಮ ಆ ನಗು ಹೋಗುತ್ತದೆ.

ಈ ಆಟದ 2009ರ ಸ್ಪೆಷಲ್ ಎಡಿಷನ್‌ನಲ್ಲಿ ಹಿಂಟ್ ಇದೆ. ಮೊದಲ ದಿನ ಮುಟ್ಟಬೇಡಿ. ಸಿಕ್ಕ ವಸ್ತು ಎತ್ತಿಕೊಂಡು ಇನ್ನೊಂದು ಕಡೆ ಬಳಸುವುದು ನಿಮಗೆ ರೂಢಿಯಾಗಿರಬೇಕು, ಈಗಿನ ಹಿಡನ್ ಆಬ್ಜೆಕ್ಟ್ ಆಟಗಳು ಅದನ್ನು ಇಂಥ ಆಟಗಳಿಂದಲೇ ಎತ್ತಿಕೊಂಡಿವೆ.

ಕೆಲಸದ ನಡುವೆ ಹತ್ತು ನಿಮಿಷ ಆಡುವವರಾದರೆ ಮಾತ್ರ ಬೇಡ. ಕಳೆದ ಸಲ ಎಲ್ಲಿ ನಿಲ್ಲಿಸಿದ್ದೆ, ಈ ರಬ್ಬರ್ ಕೋಳಿಯನ್ನು ಯಾಕೆ ಎತ್ತಿಕೊಂಡೆ ಅಂತ ನೆನಪಿಸಿಕೊಳ್ಳುವಷ್ಟರಲ್ಲೇ ಆ ಹತ್ತು ನಿಮಿಷ ಮುಗಿದಿರುತ್ತದೆ.