ಬಟ್ಟಲು ಅನುಬಂಧವಲ್ಲ

ಪ್ರಶ್ನೆ: ಮೇಡಂ, ಹನ್ನೊಂದು ವರ್ಷಗಳಿಂದ ಮಣ್ಣಿನ ಪಾತ್ರೆ ಮಾಡುತ್ತಿದ್ದೇನೆ. ಈಗ ಪಿಎಚ್.ಡಿ. ಮಾಡುವ ಆಸೆ. ಮಾರ್ಗದರ್ಶನಕ್ಕೆ ಒಪ್ಪಿದವರು, ‘ಮೊದಲು ನಾಲ್ಕು ಅಧ್ಯಾಯ ಸಿದ್ಧಾಂತ ಬರೆಯಿರಿ, ಪಾತ್ರೆಗಳ ಫೋಟೊ ಕೊನೆಗೆ ಅನುಬಂಧದಲ್ಲಿ ಹಾಕಿದರಾಯಿತು’ ಎನ್ನುತ್ತಾರೆ. ನನ್ನ ಕೆಲಸವೇ ಸಂಶೋಧನೆ ಆಗಲಾರದೇ? ಸಿದ್ಧಾಂತದ ಓದೆಂದರೆ ಅಂಜಿಕೆಯೂ ಇದೆ.
– ಮಣ್ಣಿನ ಕೆಲಸದವಳು

ಉತ್ತರ: ಖಂಡಿತ ಆಗುತ್ತದೆ. ಆದರೆ ಚೆನ್ನಾಗಿ ಪಾತ್ರೆ ಮಾಡಿದ ಮಾತ್ರಕ್ಕೆ ಆಗುವುದಿಲ್ಲ.

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿದ್ದ ಕ್ರಿಸ್ಟೋಫರ್ ಫ್ರೇಲಿಂಗ್ 1993ರಲ್ಲಿ ಒಂದು ಚಿಕ್ಕ ಲೇಖನದಲ್ಲಿ ಮೂರು ದಾರಿಗಳನ್ನು ಬೇರ್ಪಡಿಸಿ ತೋರಿಸಿದರು: ಕಲೆಯ ಕುರಿತು ಸಂಶೋಧನೆ, ಕಲೆಯ ಮೂಲಕ ಸಂಶೋಧನೆ, ಕಲೆಗಾಗಿ ಸಂಶೋಧನೆ. ಕುಂಬಾರಿಕೆಯ ಇತಿಹಾಸ ಬರೆದರೆ ಅದು ಮೊದಲನೆಯದು. ಮಾಡುತ್ತ ಮಾಡುತ್ತಲೇ ಪ್ರಶ್ನೆ ಹುಟ್ಟಿಸಿಕೊಂಡು, ಮಾಡಿಯೇ ಉತ್ತರ ಹುಡುಕಿದರೆ ಎರಡನೆಯದು. ನಿಮಗೆ ಬೇಕಿರುವುದು ಎರಡನೆಯದು, ನಿಮ್ಮ ಮಾರ್ಗದರ್ಶಕರು ಕೇಳುತ್ತಿರುವುದು ಮೊದಲನೆಯದು. ಇದನ್ನು ಅವರೊಂದಿಗೆ ಈಗಲೇ ಮಾತಾಡಿ. ನೋಂದಣಿಯಾದ ಮೇಲೆ ಮಾತಾಡಿದರೆ ಇಬ್ಬರಿಗೂ ಕಷ್ಟ.

ನಾನು ಸಂಶೋಧನೆಗೆ ಸೇರಿದಾಗ ಪ್ರಯೋಗಕ್ಕೆಂದು ಮಾಡಿದ ನನ್ನ ಮಣ್ಣಿನ ಬಿಲ್ಲೆಗಳಲ್ಲಿ ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಮತ್ತೆ ಮತ್ತೆ ಸುರುಟಿಕೊಳ್ಳುತ್ತಿತ್ತು. ಬೆಂಕಿಯಲ್ಲಿ ಅದು ಹಿಂದಕ್ಕೆ ಸರಿದು ಹನಿಹನಿಯಾಗಿ ನಿಂತು, ನಡುವೆ ಬೋಳು ಮಣ್ಣು ಕಾಣುತ್ತಿತ್ತು. ದಪ್ಪಗೆ ಹಚ್ಚಿದರೂ, ಧೂಳಿದ್ದರೂ, ಕೈಯ ಜಿಡ್ಡು ತಾಗಿದ್ದರೂ ಹಾಗಾಗುತ್ತದೆ. ಇಡೀ ವರ್ಷ ಅವನ್ನೆಲ್ಲ ಬಕೆಟ್ಟಿಗೆ ಎಸೆದೆ. ಎರಡನೆಯ ವರ್ಷ ಒಂದು ಬಿಲ್ಲೆಯನ್ನು ಸುಮ್ಮನೆ ಕೈಯಲ್ಲಿ ಹಿಡಿದಾಗ, ಆ ಬೋಳು ಜಾಗದ ಮೇಲೆ ನನ್ನ ಹೆಬ್ಬೆರಳು ಸರಿಯಾಗಿ ಕೂತಿತು. ಗ್ಲೇಜಿನಲ್ಲಿ ಅದ್ದುವ ಮೊದಲು ನಾನು ಪ್ರತಿ ಸಲ ಅಲ್ಲೇ ಒತ್ತಿ ಹಿಡಿಯುತ್ತಿದ್ದೆ! ನನ್ನ ಹಿಡಿತ ನನಗೇ ಗೊತ್ತಿರಲಿಲ್ಲ, ಗ್ಲೇಜಿಗೆ ಗೊತ್ತಿತ್ತು. ಕೈಗೆ ಗೊತ್ತಿದ್ದು ಬಾಯಿಗೆ ಗೊತ್ತಿಲ್ಲದ್ದನ್ನು ದೋಷವೊಂದು ತೋರಿಸಿಕೊಡಬಲ್ಲುದೇ? ನನ್ನ ಸಂಶೋಧನೆಯ ಪ್ರಶ್ನೆ ಹುಟ್ಟಿದ್ದು ಆ ದಿನ.

ಆಮೇಲೆ ತತ್ವಜ್ಞಾನಿ ಮೈಕೆಲ್ ಪೊಲಾನ್ಯಿಯನ್ನು ಮತ್ತೆ ಓದಿದೆ. ನಾವು ಹೇಳಬಲ್ಲುದಕ್ಕಿಂತ ಹೆಚ್ಚನ್ನು ಬಲ್ಲೆವು ಎಂದು ಅವರು 1966ರಲ್ಲೇ ಬರೆದಿದ್ದರು. ಅದೇ ಪುಟಗಳನ್ನು ಮೊದಲ ವರ್ಷ ಓದಿ, ಏನೂ ಹತ್ತದೆ ಮುಚ್ಚಿಟ್ಟಿದ್ದೆ. ಬಿಲ್ಲೆ ಪಕ್ಕದಲ್ಲಿಟ್ಟುಕೊಂಡು ಓದಿದಾಗ ಪ್ರತಿ ಸಾಲೂ ಹತ್ತಿತು, ಕೆಲವು ಸಾಲುಗಳೊಂದಿಗೆ ಜಗಳವನ್ನೂ ಆಡಿದೆ. ನಿಮ್ಮ ಅಂಜಿಕೆಗೆ ನನ್ನ ಉತ್ತರ ಇದೇ. ಓದು ಬೇಕೇಬೇಕು, ಅದರಲ್ಲಿ ರಿಯಾಯಿತಿ ಕೇಳಬೇಡಿ. ಆದರೆ ಕೆಲಸದಿಂದ ಎದ್ದ ಪ್ರಶ್ನೆಯನ್ನು ಹಿಡಿದುಕೊಂಡು ಓದಲು ಕೂರಿ.

ಈಗಿನಿಂದಲೇ ಒಂದು ಟಿಪ್ಪಣಿ ಪುಸ್ತಕ ಇಡಿ. ದಿನಾಂಕ, ತೂಕ, ಎಷ್ಟು ಸೆಕೆಂಡು ಅದ್ದಿದಿರಿ, ಎಷ್ಟು ಶಾಖ ಎಲ್ಲವನ್ನೂ ಬರೆಯಿರಿ. ಅದಕ್ಕಿಂತ ಮುಖ್ಯವಾಗಿ, ಪಾತ್ರೆ ಸುಡುವ ಆವಿಗೆಯನ್ನು ತೆರೆಯುವ ಮುನ್ನ ಒಳಗೆ ಏನಾಗಿರಬಹುದು ಎಂದು ನಿಮಗೆ ಅನಿಸುತ್ತದೋ ಅದನ್ನು ಬರೆಯಿರಿ. ತೆರೆದ ಮೇಲೆ ಮನಸ್ಸು ‘ನನಗೆ ಮೊದಲೇ ಗೊತ್ತಿತ್ತು’ ಎನ್ನತೊಡಗುತ್ತದೆ. ನಿರೀಕ್ಷೆಗೂ ಫಲಕ್ಕೂ ನಡುವಿನ ಅಂತರದಲ್ಲೇ ನಿಮ್ಮ ಅಧ್ಯಾಯಗಳಿವೆ.

ನನ್ನ ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಮೇಜಿನ ಮೇಲಿದ್ದ ಬಟ್ಟಲನ್ನು ಎತ್ತಿ, ‘ಇದು ಇಲ್ಲದಿದ್ದರೆ ನಿಮ್ಮ ಪ್ರಬಂಧದ ಯಾವ ಮಾತು ಬಿದ್ದುಹೋಗುತ್ತದೆ?’ ಎಂದು ಕೇಳಿದರು. ಮೂರನೆಯ ಅಧ್ಯಾಯ ತೆರೆದು ತೋರಿಸಿದೆ. ಅನುಬಂಧದಲ್ಲಿ ಫೋಟೊ ಮಾತ್ರ ಇಟ್ಟಿದ್ದರೆ ತೋರಿಸಲು ಏನೂ ಇರುತ್ತಿರಲಿಲ್ಲ.

ಸೇರುವ ವಿಶ್ವವಿದ್ಯಾಲಯದ ನಿಯಮಾವಳಿಯನ್ನು ನೀವೇ ಓದಿ. ಕಲಾಕೃತಿಯನ್ನು ಪ್ರಬಂಧದ ಭಾಗವಾಗಿ ಸಲ್ಲಿಸಬಹುದೇ, ಪರೀಕ್ಷಕರು ಅದನ್ನು ಎದುರಿಗೇ ನೋಡುತ್ತಾರೆಯೇ, ಬರಹದ ಮಿತಿ ಎಷ್ಟು ಎಂಬುದನ್ನು ಲಿಖಿತವಾಗಿ ಕೇಳಿ. ಬ್ರಿಟನ್ನಿನಲ್ಲಿ ಇಂಥ ಪ್ರಬಂಧದ ಬರಹ 80 ಸಾವಿರ ಪದಗಳ ಬದಲು 30–40 ಸಾವಿರ ಪದಗಳಷ್ಟಿರುವುದು ಸಾಮಾನ್ಯ. ಸಾಧ್ಯವಾದರೆ, ಸ್ವತಃ ಕೈಕೆಲಸ ಮಾಡುವ ಒಬ್ಬರನ್ನು ಸಹಮಾರ್ಗದರ್ಶಕರಾಗಿ ಕೇಳಿ ಪಡೆಯಿರಿ.

ಕೆಟ್ಟ ಬಿಲ್ಲೆಗಳನ್ನು ದಯವಿಟ್ಟು ಎಸೆಯಬೇಡಿ. ಹಿಂಬದಿಯಲ್ಲಿ ಸಂಖ್ಯೆ ಹಾಕಿಡಿ, ಕಬ್ಬಿಣದ ಆಕ್ಸೈಡನ್ನು ನೀರಲ್ಲಿ ಕಲಸಿ ಕುಂಚದಿಂದ ಬರೆಯಿರಿ. ಪೆನ್ಸಿಲ್ಲಿನ ಬರಹ ಬೆಂಕಿಯಲ್ಲಿ ಉಳಿಯುವುದಿಲ್ಲ.