ಲಿವರ್‌ಮೋರ್ ವಿಮಾನ ನಿಲ್ದಾಣದ ಹತ್ತಿರ ಮನೆ ಕೊಳ್ಳುವ ಮುನ್ನ

ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನ ಪಶ್ಚಿಮ ಭಾಗದಲ್ಲಿ ನೀವು ನೋಡಿಟ್ಟಿರುವ ಮನೆ ನಗರಾಡಳಿತದ ಸಣ್ಣ ವಿಮಾನ ನಿಲ್ದಾಣಕ್ಕೆ ಸಮೀಪದಲ್ಲಿದೆ ಎಂದು ಬರೆದಿದ್ದೀರಿ. ಅಲ್ಲಿ ಸದ್ದು ಎಷ್ಟಿರುತ್ತದೆ, ನಿಲ್ದಾಣ ನಗರದ್ದೇ ಆದ್ದರಿಂದ ನಿವಾಸಿಗಳು ದೂರು ಕೊಟ್ಟರೆ ಹಾರಾಟ ಕಡಿಮೆಯಾಗುತ್ತದೆಯೇ, ಹದಿನೈದರ ನಿಮ್ಮ ಮಗಳು ಅಲ್ಲಿ ವಿಮಾನ ನಡೆಸಲು ಕಲಿಯಬಹುದೇ ಎಂದೂ ಕೇಳಿದ್ದೀರಿ. ಬಹುಕಾಲದಿಂದ ಈ ಕಣಿವೆಯಲ್ಲೇ ಸಂಸಾರ ಹೂಡಿರುವವನಾಗಿ ನನಗೆ ತಿಳಿದುದನ್ನು ಹೇಳುತ್ತೇನೆ.

ಬೆಂಗಳೂರಿನ ಜಕ್ಕೂರಿನ ಸಣ್ಣ ವಿಮಾನ ಮೈದಾನವನ್ನು ನೀವು ನೋಡಿದ್ದರೆ ಇದರ ಸ್ವರೂಪ ಸುಲಭವಾಗಿ ತಿಳಿಯುತ್ತದೆ. ಇಲ್ಲಿಂದ ಟಿಕೆಟ್ ಕೊಂಡು ಹೋಗುವ ವಿಮಾನಗಳಿಲ್ಲ. ತರಬೇತಿ ವಿಮಾನಗಳು, ಸ್ವಂತ ವಿಮಾನವುಳ್ಳವರು, ಕಂಪನಿಗಳ ಸಣ್ಣ ಜೆಟ್‌ಗಳು ಬಂದು ಹೋಗುತ್ತವೆ. ಅಕ್ಕಪಕ್ಕದಲ್ಲಿ ಎರಡು ರನ್‌ವೇಗಳಿದ್ದು, ದೊಡ್ಡದು ಸುಮಾರು 5,250 ಅಡಿ, ಚಿಕ್ಕದು ಸುಮಾರು 2,700 ಅಡಿ ಉದ್ದವಿದೆ. ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ವಿಮಾನಗಳು ಸಾಮಾನ್ಯವಾಗಿ ಪಕ್ಕದ ಊರಾದ ಪ್ಲೆಸೆಂಟನ್ ಕಡೆಗೆ ಮುಖಮಾಡಿ ಏರುತ್ತವೆ. ಆ ಊರಿನವರೂ ಸದ್ದಿನ ಬಗ್ಗೆ ದೂರುವುದುಂಟು. ಜೆಟ್ ಒಮ್ಮೆ ಅಬ್ಬರಿಸಿ ಹೋಗಿಬಿಡುತ್ತದೆ. ಮನಸ್ಸಿಗೆ ಹೆಚ್ಚು ಕಿರಿಕಿರಿಯಾಗುವುದು ಕಲಿಯುವವರೊಬ್ಬರು ಇಳಿದ ಕೂಡಲೇ ನಿಲ್ಲದೆ ಮತ್ತೆ ಏರಿ, ಸುತ್ತು ಹಾಕಿ, ಪುನಃ ಇಳಿಯುತ್ತ ಅದೇ ಮನೆಗಳ ಮೇಲೆ ಹಾದುಹೋಗುವಾಗ. ಆದ್ದರಿಂದ ಏಜೆಂಟರು ಕರೆದೊಯ್ಯುವ ಕೆಲಸದ ದಿನದ ಸಂಜೆಯನ್ನು ನಂಬಬೇಡಿ. ಮೋಡವಿಲ್ಲದ ಶನಿವಾರ ಬೆಳಿಗ್ಗೆ ಆ ಮನೆಯ ಹಿತ್ತಲಿನಲ್ಲಿ ಒಂದು ಗಂಟೆ ಕುಳಿತು ನೋಡಿ. ನಿಯಂತ್ರಣ ಗೋಪುರ ರಾತ್ರಿ ಮುಚ್ಚಿದರೂ ನಿಲ್ದಾಣ ಮುಚ್ಚುವುದಿಲ್ಲ, ಪೈಲಟ್‌ಗಳು ರೇಡಿಯೊದಲ್ಲಿ ಪರಸ್ಪರ ತಿಳಿಸಿಕೊಂಡು ಇಳಿಯುತ್ತಾರೆ ಎಂಬುದೂ ನೆನಪಿರಲಿ.

ನಿಮ್ಮ ಎರಡನೆಯ ಪ್ರಶ್ನೆಯಲ್ಲೇ ಹೊಸಬರು ಎಡವುವುದು ಹೆಚ್ಚು. ನೆಲ, ವಿಮಾನ ನಿಲ್ಲಿಸುವ ಹ್ಯಾಂಗರ್‌ಗಳು, ಬಾಡಿಗೆಯ ಕರಾರುಗಳು ನಗರದ ಕೈಯಲ್ಲಿವೆ; ಹಾರುವ ವಿಮಾನದ ಮೇಲಿನ ಅಧಿಕಾರ ಮಾತ್ರ ಅಮೆರಿಕದ ಕೇಂದ್ರ ಸರ್ಕಾರದ ವಿಮಾನಯಾನ ನಿಯಂತ್ರಕವಾದ ಎಫ್‌ಎಎ ಸಂಸ್ಥೆಯದು. ರನ್‌ವೇ ದುರಸ್ತಿ ಮುಂತಾದವಕ್ಕೆ ಆ ಸಂಸ್ಥೆಯ ಅನುದಾನ ಪಡೆಯುವ ಯಾವ ನಗರವಾದರೂ, ನಿಲ್ದಾಣವನ್ನು ಎಲ್ಲರಿಗೂ ಭೇದವಿಲ್ಲದೆ ತೆರೆದಿಡುತ್ತೇವೆಂದು ಸಾಮಾನ್ಯವಾಗಿ 20 ವರ್ಷಗಳ ಮಟ್ಟಿಗೆ ಮಾತು ಕೊಟ್ಟಿರುತ್ತದೆ. ಅನುದಾನದಿಂದ ಜಮೀನು ಕೊಂಡಿದ್ದರೆ ಆ ಮಾತಿಗೆ ಕೊನೆಯ ದಿನಾಂಕವೇ ಇರುವುದಿಲ್ಲ. ಇದರ ಜೊತೆಗೆ 1990ರ ಕೇಂದ್ರ ಕಾನೂನೊಂದು, ಸ್ಥಳೀಯ ಆಡಳಿತಗಳು ರಾತ್ರಿ ಹಾರಾಟ ನಿಷೇಧದಂಥ ಹೊಸ ನಿರ್ಬಂಧಗಳನ್ನು ತಮ್ಮಷ್ಟಕ್ಕೆ ತಾವೇ ಹೇರುವುದನ್ನು ಬಹುಮಟ್ಟಿಗೆ ತಡೆದಿದೆ. ಸಾಂಟಾ ಮೋನಿಕಾ ನಗರ ತನ್ನದೇ ನಿಲ್ದಾಣವನ್ನು ಮುಚ್ಚಲು ದಶಕಗಳ ಕಾಲ ಹೋರಾಡಿತು. ಕೊನೆಗೆ 2017ರಲ್ಲಿ ಆದ ಒಪ್ಪಂದದಂತೆ ರನ್‌ವೇಯನ್ನು 3,500 ಅಡಿಗೆ ಇಳಿಸಲು ಸಾಧ್ಯವಾಯಿತಾದರೂ, ಮುಚ್ಚಲು 2028ರ ಅಂತ್ಯದವರೆಗೆ ಕಾಯಲೇಬೇಕಾಯಿತು. ಹೀಗಿರುವಾಗ, ಮನೆ ಕೊಂಡ ಮೇಲೆ ನಿಲ್ದಾಣವನ್ನು ಸುಮ್ಮನಾಗಿಸಬಹುದೆಂಬ ಭರವಸೆಯಲ್ಲಿ ದಯವಿಟ್ಟು ಕೊಳ್ಳಬೇಡಿ.

ಆದರೂ ನಗರವನ್ನು ಕೇಳಬಹುದಾದದ್ದು ಕಡಿಮೆಯಿಲ್ಲ. ಹೊಸ ಹ್ಯಾಂಗರ್‌ಗಳು ಎಲ್ಲಿ ಬರಬೇಕು, ಯಾವ ವ್ಯವಹಾರಕ್ಕೆ ಜಾಗ ಬಾಡಿಗೆಗೆ ಕೊಡಬೇಕು, ಮನೆಗಳನ್ನು ತಪ್ಪಿಸಿ ಏರುವಂತೆ ಪೈಲಟ್‌ಗಳನ್ನು ಹೇಗೆ ಒಲಿಸಬೇಕು ಎಂಬುದೆಲ್ಲ ನಗರದ ವಿಮಾನ ನಿಲ್ದಾಣ ಆಯೋಗದ ಬಹಿರಂಗ ಸಭೆಗಳಿಗೆ ಬರುವ ವಿಷಯಗಳೇ. ಅಲ್ಲಿ ನಾಗರಿಕರಲ್ಲದವರೂ ಎದ್ದುನಿಂತು ಮಾತನಾಡಬಹುದು. ನಮ್ಮವರು ಅಂಥ ಸಭೆಗಳಿಗೆ ಹೋಗದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ಪಿಸ್ಟನ್ ಎಂಜಿನ್‌ನ ಸಣ್ಣ ವಿಮಾನಗಳು ಬಳಸುವ ಪೆಟ್ರೋಲಿನಲ್ಲಿ ಇಂದಿಗೂ ಸೀಸವಿದೆ. ಅದು ಮಕ್ಕಳ ಮಿದುಳಿಗೆ ಹಾನಿಕರವೆಂಬ ಕಾರಣಕ್ಕೆ ಸ್ಯಾನ್ ಹೋಸೆಯಲ್ಲಿರುವ, ಕೌಂಟಿ ಒಡೆತನದ ರೀಡ್-ಹಿಲ್‌ವ್ಯೂ ನಿಲ್ದಾಣದಲ್ಲಿ 2022ರ ಆರಂಭದಲ್ಲಿ ಸೀಸವುಳ್ಳ ಆ ಪೆಟ್ರೋಲಿನ ಮಾರಾಟವನ್ನು ನಿಲ್ಲಿಸಲಾಯಿತು. ಕ್ಯಾಲಿಫೋರ್ನಿಯಾದ ಕಾನೂನಿನಂತೆ 2031ರಿಂದ ರಾಜ್ಯದಾದ್ಯಂತ ನಿಲ್ಲಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ರನ್‌ವೇಯ ತುದಿಗೆ ತಾಗಿದ ಮನೆಗಿಂತ ಸ್ವಲ್ಪ ದೂರದ್ದನ್ನೇ ನಾನು ಆರಿಸಿಕೊಳ್ಳುತ್ತೇನೆ. ನಿಲ್ದಾಣದ ಪ್ರಭಾವ ವಲಯದೊಳಗಿನ, ಅಂದರೆ ಅದರ ಸದ್ದು ಮುಂತಾದವು ತಟ್ಟುವುದೆಂದು ಗುರುತಿಸಿದ ಪ್ರದೇಶದ, ಮನೆಯಾದರೆ ಮಾರುವವರು ಅದನ್ನು ಲಿಖಿತವಾಗಿ ತಿಳಿಸಬೇಕೆಂಬ ನಿಯಮವಿದೆ. ಸಹಿಗಾಗಿ ಬರುವ ಕಾಗದದ ಕಟ್ಟಿನಲ್ಲಿ ಆ ಹಾಳೆಯನ್ನು ಹುಡುಕಿ ಓದಿ.

ಮಗಳ ಆಸೆಗೆ ಮಾತ್ರ ನನ್ನ ಪೂರ್ಣ ಬೆಂಬಲವಿದೆ. ವಿಮಾನಾಸಕ್ತರ ಇಎಎ ಸಂಘದ ‘ಯಂಗ್ ಈಗಲ್ಸ್’ ಕಾರ್ಯಕ್ರಮದಲ್ಲಿ 8ರಿಂದ 17 ವರ್ಷದ ಮಕ್ಕಳನ್ನು ಸ್ವಯಂಸೇವಕ ಪೈಲಟ್‌ಗಳು ಉಚಿತವಾಗಿ ಹಾರಿಸುತ್ತಾರೆ. ಮೊದಲು ಅಲ್ಲಿಗೆ ಕಳಿಸಿ. ಹೊರಡುವ ಮುನ್ನ ಪೈಲಟ್ ರೆಕ್ಕೆಯ ಅಡಿಯಿಂದ ತುಸು ಇಂಧನವನ್ನು ಪಾರದರ್ಶಕ ಕೊಳವೆಗೆ ಇಳಿಸಿ, ಬೆಳಕಿಗೆ ಹಿಡಿದು, ತಿಳಿನೀಲಿ ಬಣ್ಣದ ಕೆಳಗೆ ನೀರಿನ ಹನಿ ಕುಳಿತಿದೆಯೇ ಎಂದು ಪರೀಕ್ಷಿಸುವುದನ್ನು ಅವಳು ಹತ್ತಿರದಿಂದ ನೋಡಲಿ; ಈ ವಿದ್ಯೆ ಎಷ್ಟು ಶ್ರದ್ಧೆ ಬೇಡುತ್ತದೆಂಬುದು ಅಲ್ಲೇ ತಿಳಿಯುತ್ತದೆ. 16 ತುಂಬಿದ ಮೇಲೆ ಒಬ್ಬಳೇ ಹಾರಬಹುದು, 17ಕ್ಕೆ ಖಾಸಗಿ ಪೈಲಟ್ ಪರವಾನಗಿ ಪಡೆಯಬಹುದು. ಕನಿಷ್ಠ 40 ಗಂಟೆಗಳ ಹಾರಾಟ ಬೇಕೆಂದು ನಿಯಮ ಹೇಳಿದರೂ ಬಹುತೇಕರಿಗೆ ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಅಮೆರಿಕದ ನಾಗರಿಕರಲ್ಲದವರು, ಗ್ರೀನ್ ಕಾರ್ಡ್ ಇದ್ದವರೂ ಸಹ, ತರಬೇತಿ ಆರಂಭಿಸುವ ಮೊದಲು ಟಿಎಸ್‌ಎ ಭದ್ರತಾ ಇಲಾಖೆಯ ಅನುಮತಿ ಪಡೆಯಬೇಕು. ಆ ಅನುಮತಿ ಕೈಗೆ ಬರುವ ತನಕ ವಿಮಾನ ತರಬೇತಿ ಶಾಲೆಗೆ ಮುಂಗಡ ಕಟ್ಟಬೇಡಿ. ಬಂದ ಮೇಲೂ ಇಡೀ ಮೊತ್ತವನ್ನು ಒಮ್ಮೆಗೇ ಕೊಡದೆ, ಹಾರಿದ ಪಾಠಕ್ಕಷ್ಟೇ ಹಣ ಕಟ್ಟುತ್ತ ಹೋಗಿ.