ಬೆಳಿಗ್ಗೆ ಒಲೆ ಹಚ್ಚುವವರು ಯಾರು?

ಆತ್ಮೀಯರೇ,

ಸೋಮವಾರಪೇಟೆ ಕಡೆಯಿಂದ ನೀವು ಬರೆದ ಪತ್ರ ಓದಿದೆ. ಬೆಂಗಳೂರಿನ ಕೆಲಸ ಬಿಟ್ಟ ನಿಮ್ಮ ಮಗಳು ಗೆಳೆಯ ಗೆಳತಿಯರ ಜತೆ ಪೊನ್ನಂಪೇಟೆ ಹತ್ತಿರ ಹಳೇ ಹೆಂಚಿನ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದಾಳೆ. ಎಲ್ಲರಿಗೂ ಒಂದೇ ಅಡುಗೆ, ಒಂದೇ ಹಣದ ಡಬ್ಬಿ. ಮದುವೆ ಮಾತೆತ್ತಿದರೆ ‘ಈಗ ಬೇಡಪ್ಪ’ ಅಂತಾಳೆ. ‘ಇದು ಹಿಪ್ಪಿಗಳ ದಾರಿ ಅಲ್ವಾ? ನಿಮ್ಮಂಥ ಪತ್ರಿಕೆಗಳು ಹೊಗಳಿ ಬರೆದೇ ಮಕ್ಕಳು ಹೀಗಾಗಿದ್ದು’ ಎಂದು ಬೇಸರಪಟ್ಟಿದ್ದೀರಿ.

ಹಿಪ್ಪಿ ಅಂದ ಕೂಡಲೇ ಉದ್ದ ಕೂದಲು, ಗಾಂಜಾ, ಗೋವಾದ ಅಂಜುನಾ ಬೀಚು ಕಣ್ಮುಂದೆ ಬರುತ್ತವೆ. ಅವೆಲ್ಲ ಇದ್ದದ್ದು ನಿಜ. 1967ರ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೇಟ್-ಆಶ್‌ಬರಿ ಎಂಬ ಬಡಾವಣೆಗೆ ಲಕ್ಷದ ಹತ್ತಿರ ಹುಡುಗ ಹುಡುಗಿಯರು ಬಂದು ತುಂಬಿದರು. ವಿಯೆಟ್ನಾಂ ಯುದ್ಧ ಬೇಡ, ದುಡ್ಡಿನ ಹಿಂದೆ ಓಡುವ ಬದುಕು ಬೇಡ ಅಂತ ಮನೆ ಬಿಟ್ಟವರು. ಅದೇ ಊರಿನಲ್ಲಿ ಡಿಗ್ಗರ್ಸ್ ಎಂಬ ಗುಂಪು 1966ರಿಂದಲೇ ಪಾರ್ಕಿನಲ್ಲಿ ಪುಕ್ಕಟೆ ಊಟ ಹಾಕುತ್ತಿತ್ತು. ಹೆಸರು ಬಂದದ್ದು ಗಂಡಸರಿಗೆ. ತರಕಾರಿ ಬೇಡಿ ತಂದು, ದೊಡ್ಡ ಪಾತ್ರೆಗಳಲ್ಲಿ ಬೇಯಿಸಿದ್ದು ಬಹುಪಾಲು ಹೆಂಗಸರು. 1967ರ ಅಕ್ಟೋಬರ್ 6ರಂದು ಅಲ್ಲಿನವರೇ ಬೀದಿಯಲ್ಲಿ ಶವಪೆಟ್ಟಿಗೆ ಹೊತ್ತು ‘ಹಿಪ್ಪಿ ಸತ್ತ’ ಎಂದು ಅಣಕು ಮೆರವಣಿಗೆ ಮಾಡಿದರು.

ಎಲ್ಲ ಕಡೆಯೂ ಹಾಗೇ ಮುಗಿಯಲಿಲ್ಲ. 1971ರಲ್ಲಿ ಸ್ಟೀಫನ್ ಗ್ಯಾಸ್ಕಿನ್ ಎಂಬಾತನ ಜತೆ ಹಳೇ ಬಸ್ಸುಗಳಲ್ಲಿ ಹೊರಟ ಕೆಲವು ನೂರು ಜನ ಟೆನೆಸ್ಸಿಯಲ್ಲಿ ಜಮೀನು ಕೊಂಡು ‘ದ ಫಾರ್ಮ್’ ಕಟ್ಟಿದರು. ಆಸ್ತಿಯೆಲ್ಲ ಎಲ್ಲರದು. ಸೋಯಾ ಬೆಳೆದರು, ಹೆರಿಗೆಯನ್ನೂ ತಾವೇ ಮಾಡಿಸಿದರು. ಸೂಲಗಿತ್ತಿ ಕೆಲಸಕ್ಕೆ ಅಲ್ಲಿನ ಐನಾ ಮೇ ಗ್ಯಾಸ್ಕಿನ್ ದೊಡ್ಡ ಹೆಸರು ಗಳಿಸಿದರು. ಆದರೆ ಸಾಲ ಕುತ್ತಿಗೆಗೆ ಬಂತು. 1983ರಲ್ಲಿ ಕೂತು ಮಾತಾಡಿ ನಿಯಮ ಬದಲಾಯಿಸಿದರು: ಪ್ರತಿ ಮನೆಯೂ ತಾನೇ ದುಡಿಯಬೇಕು, ಊರಿನ ಖರ್ಚಿಗೆ ತನ್ನ ಪಾಲು ಕೊಡಬೇಕು. ತುಂಬಾ ಜನ ಬಿಟ್ಟು ಹೋದರು. ಊರು ಇವತ್ತಿಗೂ ಇದೆ. ಲೆಕ್ಕದ ಪುಸ್ತಕ ತೆರೆದು ಎಲ್ಲರ ಮುಂದೆ ಇಡುವ ಧೈರ್ಯ ಅವರಿಗಿತ್ತು. ನನಗೆ ಅವರ ಮೇಲೆ ಗೌರವ ಇರುವುದು ಅದಕ್ಕೇ.

ಇನ್ನು, ಒಂದೇ ಒಲೆಯ ಬದುಕು ನಮ್ಮ ಕೊಡಗು ಜಿಲ್ಲೆಗೆ ಹೊಸದಾ? ಕೊಡವರ ಹಿರಿಮನೆಗಳಾದ ಐನ್‌ಮನೆಗಳಲ್ಲಿ ಒಕ್ಕದವರೆಲ್ಲ, ಅಂದರೆ ಒಂದೇ ಮನೆತನದವರೆಲ್ಲ, ಒಂದೇ ಸೂರಿನಡಿ ಬಾಳಿದ್ದಾರೆ. ಅಲ್ಲಿ ಹುಟ್ಟಿದ ಮೇಲೆ ಯಾರ ಜತೆ ಇರಬೇಕು ಅಂತ ಆರಿಸುವ ಮಾತಿರಲಿಲ್ಲ. ನಿಮ್ಮ ಮಗಳು ಆರಿಸಿಕೊಂಡಿದ್ದಾಳೆ, ಅಷ್ಟೇ ವ್ಯತ್ಯಾಸ. ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೂ ಗೊತ್ತು. ಗಂಡ ಮಾರಯ್ಯ ಅವತ್ತಿಗೆ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆರಿಸಿ ತಂದಾಗ, ವಾಪಸ್ ಸುರಿದು ಬಾ ಎಂದಳು. ಕೂಡಿಡುವುದು ಬೇಡ ಅಂದ ಹೆಣ್ಣು ಅವಳು. ಆದರೆ ದುಡಿಮೆ ಬಿಟ್ಟವಳಲ್ಲ.

ಹೋದ ಮಳೆಗಾಲದಲ್ಲಿ ದಕ್ಷಿಣ ಕೊಡಗಿನ ಇಂಥದ್ದೇ ಒಂದು ಮನೆಗೆ ಹೋಗಿದ್ದೆ. ಜಡಿಮಳೆ, ಕರೆಂಟಿಲ್ಲ, ಅಂಗಳ ದಾಟುವಷ್ಟರಲ್ಲಿ ಕಾಲಿಗೆ ಜಿಗಣೆ. ಒಲೆ ಮೇಲಿನ ಅಟ್ಟದಲ್ಲಿ ಸೌದೆ ಒಣಗಲು ಜೋಡಿಸಿದ್ದರು, ಹಗ್ಗದ ತುಂಬ ಒಣಗದ ಬಟ್ಟೆ. ಅಡುಗೆಮನೆ ಗೋಡೆಯಲ್ಲಿ ಒಂದು ಸ್ಲೇಟು. ಅದರಲ್ಲಿ ಅಡುಗೆ, ಪಾತ್ರೆ, ಸೌದೆ, ಕಕ್ಕಸು ತೊಳೆಯುವುದು. ಒಂದೊಂದರ ಮುಂದೆ ಒಂದೊಂದು ಹೆಸರು, ವಾರವಾರವೂ ಅಳಿಸಿ ಬರೆಯುತ್ತಾರೆ. ಅವತ್ತು ಪಾತ್ರೆ ಮುಂದೆ ಒಬ್ಬ ಹುಡುಗನ ಹೆಸರಿತ್ತು. ಅವನು ಹಿತ್ತಲಲ್ಲಿ ಬೂದಿ ಹಾಕಿ ತಳ ಹತ್ತಿದ ಪಾತ್ರೆ ಉಜ್ಜುತ್ತಿದ್ದ. ಆ ಮನೆ ನಿಲ್ಲುತ್ತದೆ ಅಂತ ನನಗೆ ನಂಬಿಕೆ ಬಂದದ್ದು ಆಗಲೇ.

ಮಗಳಿಗೂ ಒಂದು ಮಾತಿದೆ, ದಯವಿಟ್ಟು ತಲುಪಿಸಿ. ಕಡಿಮೆಯಲ್ಲಿ ಬದುಕುವುದು ಒಳ್ಳೆಯದೇ. ಆದರೆ ಅಕ್ಕಪಕ್ಕದ ತೋಟಗಳಲ್ಲಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಯರವ ಆದಿವಾಸಿ ಕುಟುಂಬಗಳು ತಲೆಮಾರುಗಳಿಂದ ಕಡಿಮೆಯಲ್ಲೇ ಬದುಕಿವೆ. ಅದು ಅವರು ಆರಿಸಿಕೊಂಡದ್ದಲ್ಲ. ಅವರ ಹತ್ತಿರ ಕೆಲಸ ಮಾಡಿಸಿಕೊಂಡರೆ ನ್ಯಾಯವಾದ ಕೂಲಿ ಕೊಡಬೇಕು. ಸರಳ ಬದುಕು ಅಂತ ಅಲ್ಲಿ ಚೌಕಾಸಿ ಮಾಡಬಾರದು.

ನೀವು ಸುಮ್ನೆ ಊರವರ ಬಾಯಿಗೆ ಹೆದರಿ ಕೂರಬೇಡಿ. ಒಂದು ದಿನ ಹೋಗಿ ಅಲ್ಲೇ ಊಟ ಮಾಡಿ. ಬಾಡಿಗೆ ಕರಾರು ಯಾರ ಹೆಸರಲ್ಲಿದೆ ಕೇಳಿ. ಯಾರಿಗಾದರೂ ಕಾಯಿಲೆ ಬಂದರೆ ಡಬ್ಬಿಯ ದುಡ್ಡು ಸಾಕಾಗುತ್ತಾ, ಒಬ್ಬರು ಬಿಟ್ಟು ಹೊರಟರೆ ಅವರ ಪಾಲು ಹೇಗೆ ಅಂತ ಕೇಳಿ. ಬೆಳಿಗ್ಗೆ ಒಲೆ ಹಚ್ಚುವವರು ಯಾರು, ದಿನಾ ನಿಮ್ಮ ಮಗಳೇನಾ ಅಂತ ಮರೆಯದೆ ಕೇಳಿ. ಇವಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ನಿಮ್ಮ ಚಿಂತೆಗೆ ಅರ್ಥ ಇದೆ, ಅದನ್ನು ಅವಳ ಜತೆ ಕೂತು ಮಾತಾಡಿ. ಸಿಕ್ಕರೆ ಮದುವೆ ಮಾತನ್ನು ಸದ್ಯಕ್ಕೆ ಬದಿಗಿಡಿ. ಅಲ್ಲಿ ಕಂಡದ್ದನ್ನು ನನಗೆ ಬರೆಯಿರಿ. ಮಗಳೇ ಬರೆದರೆ ಅವಳ ಪತ್ರಕ್ಕೂ ಇದೇ ಪುಟದಲ್ಲಿ ಜಾಗ ಇದೆ.

– ಸಂಪಾದಕ